ಕಂಪನ ನಿಲ್ಲುವ ಆಳದಲ್ಲಿ ಶಾಖದ ಸುಳಿವು

2009ರಲ್ಲಿ ಐಸ್‌ಲ್ಯಾಂಡಿನ ಕ್ರಾಫ್ಲಾ ಜ್ವಾಲಾಮುಖಿಯೊಳಗೆ 4.5 ಕಿಲೋಮೀಟರ್ ಆಳದ ಬಾವಿ ಕೊರೆಯುವ ಕೆಲಸ ನಡೆದಿತ್ತು. 2.1 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಡ್ರಿಲ್ ಮತ್ತೆ ಮತ್ತೆ ಸಿಕ್ಕಿಹಾಕಿಕೊಳ್ಳತೊಡಗಿತು. ಕೊನೆಗೆ ಕಲ್ಲಿನ ಪುಡಿಯ ಜೊತೆ ಗಾಜಿನ ಚೂರುಗಳು ಮೇಲೆ ಬಂದಾಗ ವಿಷಯ ಸ್ಪಷ್ಟವಾಯಿತು. ಡ್ರಿಲ್ ನೇರವಾಗಿ ಶಿಲಾಪಾಕಕ್ಕೆ, ಅಂದರೆ ಕರಗಿದ ಕಲ್ಲಿಗೆ ಹೊಕ್ಕಿತ್ತು. ಕೊರೆಯಲು ಬಳಸುವ ತಣ್ಣೀರು ತಾಗಿದ್ದೇ ಅದು ಗಾಜಾಗಿ ಹೆಪ್ಪುಗಟ್ಟಿತ್ತು.

ಕ್ರಾಫ್ಲಾ ಯಾರೂ ಕಾಲಿಡದ ಜಾಗವೇನಲ್ಲ. 1970ರ ದಶಕದಿಂದಲೇ ಅಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುತ್ತಿದ್ದಾರೆ. 1975ರಿಂದ 1984ರವರೆಗೆ ಅಲ್ಲಿ ಲಾವಾ ಉಕ್ಕಿದ್ದನ್ನು ವಿಜ್ಞಾನಿಗಳು ಹೆಜ್ಜೆಹೆಜ್ಜೆಗೂ ದಾಖಲಿಸಿದ್ದಾರೆ. ಇಷ್ಟೆಲ್ಲ ಗೊತ್ತಿದ್ದ ನೆಲದಲ್ಲಿ ಶಿಲಾಪಾಕ ಅಷ್ಟು ಮೇಲೆಯೇ ಕೂತಿದ್ದು ಯಾರಿಗೂ ಕಾಣದೆ ಹೋದದ್ದು ಹೇಗೆ? ನೆಲದಾಳವನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ ಎಂಬುದು ತಿಳಿಯದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಭೂಶಾಖದ ವಿದ್ಯುತ್ತಿಗೆ ಬರೀ ಬಿಸಿ ಕಲ್ಲು ಸಾಲದು. ಆ ಬಿಸಿಯನ್ನು ಹೊತ್ತು ತರಲು ನೀರು ಬೇಕು, ನೀರು ಹರಿದಾಡಲು ಬಿರುಕುಗಳು ಬೇಕು. ಮೂರೂ ಒಂದೇ ಕಡೆ ಕೂಡಿಬರುವ ಜಾಗವನ್ನು ಕೊರೆಯುವ ಮುಂಚೆಯೇ ಊಹಿಸಬೇಕು, ಏಕೆಂದರೆ ಇಡೀ ಯೋಜನೆಯಲ್ಲಿ ಹಣ ಮುಳುಗುವ ಭಯ ಹೆಚ್ಚಿರುವುದು ಮೊದಲ ಕೆಲವು ಬಾವಿಗಳಲ್ಲೇ.

ತೈಲದವರ ಬಳಿ ಇದಕ್ಕೊಂದು ಹಳೆಯ ಉಪಾಯವಿದೆ. 1921ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮೊದಲು ಪರೀಕ್ಷೆಗೊಳಗಾದ ವಿಧಾನ ಅದು. ನೆಲದ ಮೇಲೆ ಸಿಡಿಮದ್ದು ಸಿಡಿಸಿ ಅಥವಾ ಭಾರಿ ಲಾರಿಯೊಂದರಿಂದ ನೆಲವನ್ನು ಅದುರಿಸಿ, ಕೆಳಗಿನ ಶಿಲಾಪದರಗಳಿಂದ ಮರಳುವ ಅಲೆಗಳನ್ನು ಜಿಯೋಫೋನುಗಳಲ್ಲಿ, ಅಂದರೆ ನೆಲದ ಅದುರನ್ನು ದಾಖಲಿಸುವ ಗ್ರಾಹಕಗಳಲ್ಲಿ ಹಿಡಿಯುತ್ತಾರೆ. ಪದರಗಳು ಒಂದರ ಮೇಲೊಂದು ನೀಟಾಗಿ ಹಾಸಿಕೊಂಡಿರುವ ನೆಲದಲ್ಲಿ ಇದರಿಂದ ಅಚ್ಚುಕಟ್ಟಾದ ಚಿತ್ರವೇ ಸಿಗುತ್ತದೆ.

ಜ್ವಾಲಾಮುಖಿಯ ನೆಲ ಹಾಗಿಲ್ಲ. ಗಟ್ಟಿ ಲಾವಾ, ಅದರ ಪಕ್ಕದಲ್ಲೇ ಸಡಿಲ ಬೂದಿ, ನಡುವೆ ಲಂಬವಾಗಿ ನುಗ್ಗಿ ಗಟ್ಟಿಯಾದ ಶಿಲೆಯ ಗೋಡೆಗಳು, ಬಿಸಿನೀರು ತಿಂದು ಜೇಡಿಯಾದ ಕಲ್ಲು. ದಟ್ಟ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದರೆ ಬೆಳಕು ಚೆದುರಿ ಕಣ್ಣಿಗೇ ರಾಚುವಂತೆ, ಇಲ್ಲಿ ಕಳಿಸಿದ ಅಲೆ ಮೇಲಿನ ಪದರದಲ್ಲೇ ದಿಕ್ಕಾಪಾಲಾಗುತ್ತದೆ. ಲಾರಿಗಳು ಹತ್ತಲಾಗದ ಕಡಿದಾದ ಇಳಿಜಾರುಗಳ ತೊಂದರೆ ಬೇರೆ.

ಹಾಗಾಗಿ ಇಂಥ ಕಡೆ ಭೂಮಿಯೇ ಮಾಡುವ ಸದ್ದಿಗೆ ಕಾದು ಕೂರುವುದು ಹೆಚ್ಚು ಫಲ ಕೊಡುತ್ತದೆ. ಜ್ವಾಲಾಮುಖಿಯ ಸುತ್ತ ಮನುಷ್ಯರಿಗೆ ಗೊತ್ತೇ ಆಗದ ಪುಟ್ಟ ಕಂಪನಗಳು ಪದೇಪದೇ ಆಗುತ್ತಿರುತ್ತವೆ. ಭೂಕಂಪಮಾಪಕಗಳನ್ನು ಸುತ್ತಲೂ ಇಟ್ಟು ತಿಂಗಳುಗಟ್ಟಲೆ ಕಾದರೆ ಸಾವಿರಾರು ಅಲೆಗಳು ಬೇರೆಬೇರೆ ದಾರಿಯಲ್ಲಿ ಬೆಟ್ಟದ ಒಡಲನ್ನು ಹಾದು ಬರುತ್ತವೆ. ಯಾವ ದಾರಿಯಲ್ಲಿ ಬಂದದ್ದು ತಡವಾಯಿತು, ಯಾವುದು ಬೇಗ ಬಂತು ಎಂದು ಲೆಕ್ಕ ಹಾಕಿ ಒಳಗಿನ ಚಿತ್ರ ಕಟ್ಟುತ್ತಾರೆ. ಕಂಪನಗಳೇ ಇಲ್ಲದಿದ್ದರೂ ಪರವಾಗಿಲ್ಲ. ಸಮುದ್ರದ ಅಲೆಗಳಿಂದ ನೆಲ ಸದಾ ಸಣ್ಣಗೆ ಮಿಡಿಯುತ್ತಿರುತ್ತದೆ, ಆ ಗೊಂದಲದ ಗುಂಯ್‌ಗುಡುವಿಕೆಯಿಂದಲೂ ಚಿತ್ರ ತೆಗೆಯಬಹುದೆಂದು 2005ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ದತ್ತಾಂಶದಿಂದ ತೋರಿಸಲಾಯಿತು.

ಅಲೆಗಳಲ್ಲಿ ಎರಡು ಬಗೆ. ಪಿ ಅಲೆ ಕಲ್ಲನ್ನು ಹಿಂಡುತ್ತ, ಸಡಿಲಿಸುತ್ತ ಸಾಗುತ್ತದೆ; ಎಸ್ ಅಲೆ ಅಡ್ಡಡ್ಡ ಅಲುಗಿಸುತ್ತ ನಿಧಾನಕ್ಕೆ ಬರುತ್ತದೆ. ದ್ರವ ಹಿಂಡಲು ಒಗ್ಗೀತು, ಆದರೆ ಅಡ್ಡ ಅಲುಗಿಸಿದರೆ ಸುಮ್ಮನೆ ಜಾರುತ್ತದೆ. ಆದ್ದರಿಂದ ಎಸ್ ಅಲೆ ಅದರಲ್ಲಿ ಸಾಗುವುದೇ ಇಲ್ಲ. ಪಿ ವೇಗವನ್ನು ಎಸ್ ವೇಗದಿಂದ ಭಾಗಿಸಿದರೆ ಬರುವ ಅನುಪಾತ ನೋಡಿದರೆ ಬಿರುಕುಗಳಲ್ಲಿ ಇರುವುದು ನೀರೋ ಹಬೆಯೋ ಎಂದು ತಕ್ಕಮಟ್ಟಿಗೆ ಊಹಿಸಬಹುದು. ಹಬೆ ಸುಲಭವಾಗಿ ಹಿಂಡಿಕೊಳ್ಳುವುದರಿಂದ ಪಿ ಅಲೆ ನಿಧಾನವಾಗುತ್ತದೆ, ಎಸ್ ಅಲೆಗೆ ಹೆಚ್ಚೇನೂ ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಗೀಸರ್ಸ್ ಹಬೆಕ್ಷೇತ್ರದಲ್ಲಿ ಈ ಅನುಪಾತ ಸುತ್ತಲಿನ ನೆಲಕ್ಕಿಂತ ಕಡಿಮೆಯಿದೆ.

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಸ್ವಾರಸ್ಯವಿರುವುದು ಸಿಕ್ಕ ಅಲೆಗಳಿಗಿಂತ ಸಿಗದೇ ಹೋದವುಗಳಲ್ಲಿ. ಕಲ್ಲು ತಣ್ಣಗಿದ್ದರೆ ಒತ್ತಡ ತಾಳದೆ ಫಟ್ಟನೆ ಬಿರಿಯುತ್ತದೆ, ಪುಟ್ಟ ಭೂಕಂಪವಾಗುತ್ತದೆ. ಬಿಸಿ ಏರಿದಂತೆ ಅದೇ ಕಲ್ಲು ಬಿರಿಯುವ ಬದಲು ನಿಧಾನವಾಗಿ ಬಾಗುತ್ತದೆ, ಕಂಪನ ಆಗುವುದಿಲ್ಲ. ಅಂದರೆ ಕಂಪನಗಳ ಕೇಂದ್ರಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ ಒಂದು ಆಳದ ಕೆಳಗೆ ಅವು ಮಾಯವಾಗುತ್ತವೆ, ಆ ಗಡಿಯೇ ಒಂದು ಉಷ್ಣಮಾಪಕ. ಜಪಾನಿನ ಕಕ್ಕೊಂಡಾ ಭೂಶಾಖ ಕ್ಷೇತ್ರದಲ್ಲಿ ಸಣ್ಣ ಕಂಪನಗಳ ತಳ ಸುಮಾರು 350 ಡಿಗ್ರಿ ಸೆಲ್ಸಿಯಸ್ ಮಟ್ಟಕ್ಕೆ ಹೊಂದಿಕೊಳ್ಳುತ್ತಿತ್ತು. 1990ರ ದಶಕದ ಮಧ್ಯದಲ್ಲಿ ಅಲ್ಲೇ 3.7 ಕಿಲೋಮೀಟರ್ ಕೊರೆದಾಗ ತಳದಲ್ಲಿ ಸುಮಾರು 500 ಡಿಗ್ರಿ ಸಿಕ್ಕಿತು. ಆದರೆ ಸುಮಾರು 3.1 ಕಿಲೋಮೀಟರಿನಿಂದ ಕೆಳಗೆ ನೀರಿನ ಸಂಚಾರವೇ ಇರಲಿಲ್ಲ. ಬಿರಿಯದ ಕಲ್ಲಿನಲ್ಲಿ ಬಿರುಕು ಎಲ್ಲಿಂದ ಬರಬೇಕು? ಹಾಗಾಗಿ ಆ ಗಡಿ ಬಿಸಿ ಎಲ್ಲಿದೆ ಎಂದು ಹೇಳುತ್ತದೆ, ನೀರು ಎಲ್ಲಿಗೆ ಮುಗಿಯಿತು ಎಂದೂ ಹೇಳುತ್ತದೆ. ಬಾವಿ ಕೊರೆಯುವವನಿಗೆ ಎರಡನೆಯದೇ ಹೆಚ್ಚು ಮುಖ್ಯ.

ಕ್ರಾಫ್ಲಾದಲ್ಲೂ ಇಂಥದೇ ಒಂದು ಗೈರುಹಾಜರಿ ಮೊದಲ ಸುಳಿವು ಕೊಟ್ಟಿತ್ತು. ಜ್ವಾಲಾಮುಖಿಯ ಒಂದು ಬದಿ ನಡುಗಿದಾಗ ಇನ್ನೊಂದು ಬದಿಯ ಮಾಪಕಗಳಿಗೆ ಕೆಲವು ದಾರಿಗಳಲ್ಲಿ ಎಸ್ ಅಲೆ ತಲುಪುತ್ತಲೇ ಇರಲಿಲ್ಲ. ಅಲೆ ಕಾಣೆಯಾದ ದಾರಿಗಳನ್ನೆಲ್ಲ ಎಳೆದು ನೋಡಿದ ಭೂಕಂಪತಜ್ಞ ಪಾಲ್ ಐನಾರ್ಸನ್, ಮೂರರಿಂದ ಏಳು ಕಿಲೋಮೀಟರ್ ಆಳದಲ್ಲಿ ಶಿಲಾಪಾಕವಿದೆಯೆಂದು 1978ರಲ್ಲಿ ಪ್ರಕಟಿಸಿದರು. ಬಾವಿ ಯೋಜಿಸಿದವರಿಗೆ ಇದು ಗೊತ್ತಿತ್ತು. ಹಾಗಿದ್ದರೆ 2.1 ಕಿಲೋಮೀಟರಿನಲ್ಲಿದ್ದ ತುಣುಕು ಎಲ್ಲಿ ತಪ್ಪಿಸಿಕೊಂಡಿತು?

ಚಿಕ್ಕ ಲೆಕ್ಕವೊಂದು ಸಾಕು. ಎಸ್ ಅಲೆ ಸೆಕೆಂಡಿಗೆ 3 ಕಿಲೋಮೀಟರ್ ಸಾಗುತ್ತದೆ, ಅದರ ಆವರ್ತನ 5 ಹರ್ಟ್ಜ್ ಎಂದುಕೊಳ್ಳಿ. ಅಲೆಯುದ್ದ 600 ಮೀಟರ್ ಆಯಿತು. ಕೆಲವೇ ಹತ್ತು ಮೀಟರ್ ದಪ್ಪದ ಶಿಲಾಪಾಕದ ಹಾಳೆ ಅಂಥ ಅಲೆಗೆ ಅಡ್ಡಿಯೇ ಅಲ್ಲ, ಅದನ್ನು ಗಮನಿಸದೆ ದಾಟಿಹೋಗುತ್ತದೆ. ಆವರ್ತನ ಹೆಚ್ಚಿಸಿದರೆ ಅಲೆಯುದ್ದ ಕಡಿಮೆಯಾಗಿ ಚಿತ್ರ ಚುರುಕಾಗುತ್ತದೆ ನಿಜ, ಆದರೆ ಬಿಸಿಯಾದ, ಒಡಕಲಾದ ನೆಲ ಮೊದಲು ನುಂಗುವುದು ಆ ಹೆಚ್ಚಿನ ಆವರ್ತನವನ್ನೇ. ಕ್ರಾಫ್ಲಾ ಒಂಟಿ ಪ್ರಕರಣವೂ ಅಲ್ಲ. 2005ರಲ್ಲಿ ಹವಾಯಿಯ ಪೂನಾದಲ್ಲಿ, ಆಮೇಲೆ ಕೆನ್ಯಾದ ಮೆನೆಂಗಾಯಿಯಲ್ಲಿ ಬಾವಿಗಳು ಹೀಗೆಯೇ ಶಿಲಾಪಾಕಕ್ಕೆ ಡಿಕ್ಕಿ ಹೊಡೆದಿವೆ. ಕ್ರಾಫ್ಲಾದ ಬಾವಿ ಮಾತ್ರ ಅದೃಷ್ಟದ್ದು. ಅದರಿಂದ 450 ಡಿಗ್ರಿಯ ಒಣ ಹಬೆ ಬಂತು, 36 ಮೆಗಾವಾಟ್‌ವರೆಗೆ ವಿದ್ಯುತ್ ತೆಗೆಯಬಹುದೆಂಬ ಅಂದಾಜಿತ್ತು. 2012ರಲ್ಲಿ ಕವಾಟ ಕೈಕೊಟ್ಟು ಬಾವಿಯನ್ನು ಮುಚ್ಚಬೇಕಾಯಿತು.

ತೈಲದವರ ವಿಧಾನ ಎಲ್ಲ ಕಡೆಯೂ ಸೋತಿದೆ ಎಂದಲ್ಲ. 1904ರಲ್ಲಿ ಭೂಶಾಖದಿಂದ ಮೊದಲ ಬಲ್ಬುಗಳು ಉರಿದ ಇಟಲಿಯ ಲಾರ್ಡೆರೆಲ್ಲೊದಲ್ಲಿ ಅದಕ್ಕೆ ಬಲವಾದ ಪ್ರತಿಫಲನವೊಂದು ಸಿಕ್ಕಿದೆ. ಕೆ ಹೊರೈಜನ್ ಎಂದು ಅದರ ಹೆಸರು. ಅಲ್ಲಿ ಜ್ವಾಲಾಮುಖಿಯ ಶಂಕುವಿಲ್ಲ, ಆಳದಲ್ಲಿ ತಣಿಯುತ್ತಿರುವ ಗ್ರಾನೈಟ್ ಇದೆ. ಕೆ ಹೊರೈಜನ್ ಎಂಬುದು ಬಿಸಿ ದ್ರವ ಸೆರೆಯಾದ ಪದರವೋ, ಕಲ್ಲು ಬಿರಿಯುವುದು ನಿಂತು ಬಾಗುವುದು ಶುರುವಾಗುವ ಗಡಿಯೋ ಎಂಬ ವಾದ ದಶಕಗಳಿಂದ ನಡೆದಿದೆ. 2017ರಲ್ಲಿ ವೆನೆಲ್ಲೆ ಎಂಬಲ್ಲಿನ ಹಳೆಯ ಬಾವಿಯನ್ನು 2.9 ಕಿಲೋಮೀಟರ್‌ವರೆಗೆ ಇಳಿಸಿದರು. ಉಷ್ಣತೆ 500 ಡಿಗ್ರಿ ದಾಟಿತು, ವಾದ ಮುಗಿಯಲಿಲ್ಲ.

ಮುಂದಿನ ದಾರಿ ಗ್ರಾಹಕಗಳನ್ನು ಮೇಲ್ಮೈಯಿಂದ ಬಾವಿಯೊಳಕ್ಕೆ ಇಳಿಸುವುದು. ಚೆದುರಿಸುವ ಮೇಲ್ಪದರವನ್ನು ಒಂದು ಸಲವಾದರೂ ತಪ್ಪಿಸಿದಂತಾಗುತ್ತದೆ. ಎಲೆಕ್ಟ್ರಾನಿಕ್ಸ್ ಆ ಬಿಸಿಯಲ್ಲಿ ಬಾಳುವುದಿಲ್ಲವಾದ್ದರಿಂದ ಎಲ್ಲರ ಕಣ್ಣು ಆಪ್ಟಿಕಲ್ ಫೈಬರ್ ಮೇಲಿದೆ. ಎಳೆಯ ಉದ್ದಕ್ಕೂ ಲೇಸರ್ ಬೆಳಕು ಕಳಿಸಿ, ಹಿಂದಕ್ಕೆ ಚೆದುರುವ ಬೆಳಕಿನಲ್ಲಿ ಆಗುವ ಬದಲಾವಣೆಯಿಂದ ಕಂಪನ ಅಳೆಯುತ್ತಾರೆ. ಇಡೀ ಎಳೆಯೇ ಸಾವಿರಾರು ಮಾಪಕಗಳ ಸಾಲಾಗುತ್ತದೆ. 2015ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾನೆಸ್‌ನಲ್ಲಿ 15 ಕಿಲೋಮೀಟರ್ ಉದ್ದದ ಟೆಲಿಕಾಂ ಕೇಬಲನ್ನೇ ಹೀಗೆ ಬಳಸಿ, ಮೊದಲು ಗೊತ್ತಿಲ್ಲದ ಸ್ತರಭಂಗಗಳನ್ನು, ಅಂದರೆ ಶಿಲೆ ಸೀಳಿ ಜಾರಿದ ಜಾಗಗಳನ್ನು ಗುರುತಿಸಿದರು. ಬಾವಿಯೊಳಗೆ ಇಳಿಸಿದರೆ ಕಷ್ಟ ಬೇರೆ ತರಹದ್ದು. ಎಳೆಯ ಹೊದಿಕೆ ಬಿಸಿಗೆ ಹಾಳಾಗುತ್ತದೆ, ಬಾವಿಯ ಅನಿಲದಲ್ಲಿರುವ ಹೈಡ್ರೋಜನ್ ಗಾಜಿನೊಳಕ್ಕೆ ನುಸುಳಿ ಅದನ್ನು ಮಂಕಾಗಿಸುತ್ತದೆ. ಹಾಗಾಗಿ ಹೊದಿಕೆಗೆ ಯಾವ ಲೋಹ ಹಾಕಬೇಕು, ಇಂಗಾಲದ ಲೇಪನ ಎಷ್ಟು ದಿನ ತಡೆದೀತು ಎಂಬ ಪರೀಕ್ಷೆಗಳೂ ಈಗ ಶಿಲಾಪಾಕ ಹುಡುಕುವ ಕೆಲಸದ ಭಾಗವಾಗಿವೆ.