ಅಣ್ಣಾವ್ರಿಂದ ಅಪ್ಪುವರೆಗೆ: ಅಭಿಮಾನಿಗಳ ಸ್ಮರಣೆಯೊಳಗೆ ನೇತ್ರದಾನ ಬಂದ ದಾರಿ

ಪ್ರತಿ ಅಕ್ಟೋಬರ್ 29ರಂದು ಬೆಂಗಳೂರಿನ ಕಂಠೀರವ ಸ್ಟುಡಿಯೊದಲ್ಲಿರುವ ಪುನೀತ್ ರಾಜ್‌ಕುಮಾರ್ ಸಮಾಧಿಗೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟುತ್ತಾರೆ. ರಾಜ್ಯದ ಊರೂರುಗಳಲ್ಲಿ ಅದೇ ದಿನ ಅನ್ನಸಂತರ್ಪಣೆ, ರಕ್ತದಾನ ಶಿಬಿರ, ನೇತ್ರದಾನದ ನೋಂದಣಿ. ಸರ್ಕಾರ ‘ಸ್ಫೂರ್ತಿ ದಿನ’ ಎಂದು ಘೋಷಿಸಿರುವ ಮಾರ್ಚ್ 17ರ ಹುಟ್ಟುಹಬ್ಬಕ್ಕೂ ಇದೇ ಕ್ರಮ. ಅಗಲಿದ ನಟನ ಹೆಸರಿನಲ್ಲಿ ‘ನನ್ನ ಕಣ್ಣು ಕೊಡುತ್ತೇನೆ’ ಎಂದು ಸಹಿ ಹಾಕುವುದು ಇಂದು ಕನ್ನಡದ ಅಭಿಮಾನಿಗಳಿಗೆ ಹಾರ ಹಾಕಿದಷ್ಟೇ ಸಹಜವಾಗಿದೆ. ಆದರೆ ಆ ಸಹಿಯೊಂದರಿಂದಲೇ ಯಾರಿಗೂ ಕಣ್ಣು ಬರುವುದಿಲ್ಲ. ಸಹಿ ಹಾಕಿದವರು ತೀರಿಹೋದ ದಿನ ಮನೆಯವರಲ್ಲಿ ಒಬ್ಬರು ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ಅದೂ ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯುವ ಕೆಲಸ ಮುಗಿಯುವಷ್ಟು ಬೇಗ. ಈ ರೂಢಿ ಹೇಗೆ ಬೆಳೆಯಿತು, ಎಲ್ಲಿ ಎಡವುತ್ತಿದೆ ಎಂಬುದನ್ನು ತಿಳಿಯಲು ದೊಡ್ಮನೆಯ ಕತೆಯಿಂದಲೇ ಶುರು ಮಾಡಬೇಕು.

1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಆರಂಭವಾಯಿತು. ಹೆಸರು ಕೊಟ್ಟಿದ್ದಷ್ಟೇ ಅಲ್ಲ, ತಮ್ಮ ಕಣ್ಣುಗಳನ್ನೂ ಕೊಡುವುದಾಗಿ ರಾಜ್‌ಕುಮಾರ್ ಆಗಲೇ ಮಾತು ಕೊಟ್ಟರು. ದೇಶದ ಮೊದಲ ನೇತ್ರ ಬ್ಯಾಂಕ್ ಅಂದಿನ ಮದ್ರಾಸಿನಲ್ಲಿ 1945ರಷ್ಟು ಹಿಂದೆಯೇ ತೆರೆದಿತ್ತು. ಆದರೂ ‘ಕಣ್ಣು ಕಿತ್ತರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ’ ಎಂಬ ಭಯ ಹಳ್ಳಿಯಲ್ಲೂ ಪೇಟೆಯಲ್ಲೂ ಗಟ್ಟಿಯಾಗಿತ್ತು. ಕರಪತ್ರ ಹಂಚಿದರೆ ಕರಗುವ ಭಯ ಅದಲ್ಲ. ಅಭಿಮಾನಿಗಳನ್ನು ದೇವರೆಂದು ಕರೆದ ಮನುಷ್ಯ ತಾನೇ ಕೊಡುತ್ತೇನೆ ಎಂದಾಗ ಮಾತ್ರ ಅದು ಸ್ವಲ್ಪ ಸಡಿಲಗೊಂಡಿತು.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ಸದಾಶಿವನಗರದ ಮನೆಯಲ್ಲಿ ತೀರಿಕೊಂಡರು. ಆ ಎರಡು ದಿನಗಳ ಬೆಂಗಳೂರನ್ನು ಮರೆಯುವುದು ಕಷ್ಟ. ಅಂತಿಮ ದರ್ಶನಕ್ಕೆ ಬಂದ ಜನಸಾಗರಕ್ಕೆ ತಕ್ಕ ವ್ಯವಸ್ಥೆ ಇರಲಿಲ್ಲ. ಕಲ್ಲು ತೂರಾಟ, ಬೆಂಕಿ, ಗೋಲಿಬಾರ್ ನಡೆದು ಒಬ್ಬ ಪೊಲೀಸ್ ಸೇರಿ ಎಂಟು ಮಂದಿ ಸತ್ತರು. ಇಷ್ಟೆಲ್ಲದರ ನಡುವೆ ಕುಟುಂಬದವರು ಹನ್ನೆರಡು ವರ್ಷದ ಹಿಂದಿನ ಮಾತನ್ನು ನೆನಪಿಟ್ಟು ಕಣ್ಣುಗಳನ್ನು ದಾನ ಮಾಡಿದ್ದರು. ಊರೆಲ್ಲ ಹೊತ್ತಿ ಉರಿಯುವಾಗ ಅದು ದೊಡ್ಡ ಸುದ್ದಿಯಾಗಲಿಲ್ಲ. ಆದರೆ ನೇತ್ರದಾನದ ಮಟ್ಟಿಗೆ ನಿರ್ಣಾಯಕವಾದದ್ದು 1994ರ ಸಹಿಯಲ್ಲ, ಆ ದಿನ ಮನೆಯವರು ತೋರಿದ ಎಚ್ಚರ. 2017ರ ಮೇ 31ರಂದು ಪಾರ್ವತಮ್ಮ ರಾಜ್‌ಕುಮಾರ್ ತೀರಿಕೊಂಡಾಗಲೂ ಕಣ್ಣು ದಾನವಾಯಿತು. ಅಷ್ಟರಲ್ಲಿ ಅದು ಆ ಮನೆಯ ಪದ್ಧತಿಯೇ ಆಗಿಬಿಟ್ಟಿತ್ತು.

2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್‌ಗೆ ಆಗ 46 ವರ್ಷ. ಈ ಸಲ ಸರ್ಕಾರ 2006ರ ಪಾಠ ಕಲಿತಿತ್ತು: ಕಂಠೀರವ ಕ್ರೀಡಾಂಗಣದಲ್ಲಿ ಸಾಲಾಗಿ ದರ್ಶನ, ನಗರದಲ್ಲಿ ಮದ್ಯ ಮಾರಾಟಕ್ಕೆ ತಡೆ, ಭಾನುವಾರ ಬೆಳಗಿನ ಜಾವದಲ್ಲೇ ಅಂತ್ಯಕ್ರಿಯೆ. ಕುಟುಂಬವೂ ತಡ ಮಾಡಲಿಲ್ಲ. ನಾರಾಯಣ ನೇತ್ರಾಲಯದ ತಂಡ ಅಂದೇ ಕಣ್ಣು ಪಡೆಯಿತು. ಶನಿವಾರ ಕ್ರೀಡಾಂಗಣದ ಮುಂದಿನ ಸಾಲು ಇನ್ನೂ ಕರಗಿರಲಿಲ್ಲ, ಅತ್ತ ನಾಲ್ಕು ಜನರಿಗೆ ಕಾರ್ನಿಯಾ ಕಸಿ ನಡೆಯುತ್ತಿತ್ತು. ಸೋಮವಾರ, ರಾಜ್ಯೋತ್ಸವದ ದಿನ, ಆಸ್ಪತ್ರೆಯ ಮುಖ್ಯಸ್ಥ ಡಾ. ಕೆ. ಭುಜಂಗ ಶೆಟ್ಟಿ ಅದನ್ನು ಪ್ರಕಟಿಸಿದರು. 2023ರ ಮೇನಲ್ಲಿ ಅವರೂ ತೀರಿಕೊಂಡರು. ಕರ್ನಾಟಕದಲ್ಲಿ ನೇತ್ರದಾನ ಮನೆಮಾತಾದದ್ದರಲ್ಲಿ ಅವರ ಪಾಲು ದೊಡ್ಡದು.

ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಆಗ ಎಲ್ಲರೂ ಕೇಳಿದರು. ನೇತ್ರದಾನದಲ್ಲಿ ಮತ್ತೊಬ್ಬರಿಗೆ ಹೋಗುವುದು ಇಡೀ ಕಣ್ಣುಗುಡ್ಡೆಯಲ್ಲ, ಕಪ್ಪು ಭಾಗದ ಮುಂದಿರುವ ಪಾರದರ್ಶಕ ಪೊರೆ. ಅದೇ ಕಾರ್ನಿಯಾ. ಅದರ ದಪ್ಪ ನಡುವಲ್ಲಿ ಸುಮಾರು ಅರ್ಧ ಮಿಲಿಮೀಟರ್. ಆ ಅರ್ಧ ಮಿಲಿಮೀಟರಿನೊಳಗೂ ಪದರಗಳಿವೆ, ಎಲ್ಲ ರೋಗಿಗಳಿಗೂ ಎಲ್ಲ ಪದರ ಕೆಟ್ಟಿರುವುದಿಲ್ಲ. ಕಾರ್ನಿಯಾ ಶಂಕುವಿನಂತೆ ಮುಂದಕ್ಕೆ ಚಾಚಿಕೊಂಡವರಿಗೆ, ಗಾಯ ಅಥವಾ ಸೋಂಕಿನಿಂದ ಮೇಲ್ಭಾಗದಲ್ಲಿ ಬಿಳಿ ಕಲೆ ಉಳಿದವರಿಗೆ ಮುಂದಿನ ಪದರ ಸಾಕು. ಒಳಗಿನ ಜೀವಕೋಶಗಳು ಸೋತು ಕಾರ್ನಿಯಾದಲ್ಲಿ ನೀರು ತುಂಬಿ ಮಂಜಾದವರಿಗೆ ಹಿಂದಿನ ಪದರ ಸಾಕು. ಪುನೀತ್ ಅವರ ಪ್ರತಿ ಕಾರ್ನಿಯಾವನ್ನೂ ಹೀಗೆ ಮುಂದೆ–ಹಿಂದೆ ಎಂದು ಎರಡಾಗಿ ಬಿಡಿಸಲಾಯಿತು. ಎಲ್ಲ ದಾನದಲ್ಲೂ ಹೀಗೆ ಮಾಡಲಾಗುವುದಿಲ್ಲ. ಕಾರ್ನಿಯಾ ಒಳ್ಳೆಯ ಸ್ಥಿತಿಯಲ್ಲಿರಬೇಕು, ಎರಡೂ ಬಗೆಯ ರೋಗಿಗಳು ಅದೇ ಹೊತ್ತಿಗೆ ಸಿಗಬೇಕು, ಪದರ ಬಿಡಿಸುವಾಗ ಹರಿಯಬಾರದು. ಸಾಮಾನ್ಯ ಲೆಕ್ಕ ಇಂದಿಗೂ ಎರಡು ಕಣ್ಣಿಗೆ ಇಬ್ಬರು.

ಆರು ಗಂಟೆಯ ಗಡುವು ಹುಟ್ಟುವುದು ಆ ಹಿಂದಿನ ಪದರದಿಂದಲೇ. ಕಾರ್ನಿಯಾದ ಅತ್ಯಂತ ಒಳಗೆ ಒಂದೇ ಸಾಲಾಗಿ ಹಾಸಿರುವ ಜೀವಕೋಶಗಳು ಸದಾ ನೀರನ್ನು ಹೊರದಬ್ಬುತ್ತ ಕಣ್ಣನ್ನು ತಿಳಿಯಾಗಿಡುತ್ತವೆ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಉಸಿರು ನಿಂತ ಮೇಲೆ ಇವು ಒಂದೊಂದಾಗಿ ಸಾಯತೊಡಗುತ್ತವೆ. ಇತ್ತ ರೆಪ್ಪೆ ಅರೆತೆರೆದಿದ್ದರೆ ಮೇಲ್ಪದರವೂ ಒಣಗುತ್ತದೆ. ನೇತ್ರ ಬ್ಯಾಂಕಿನವರು ಸೂಕ್ಷ್ಮದರ್ಶಕದಲ್ಲಿ ಈ ಕೋಶಗಳನ್ನು ಎಣಿಸುತ್ತಾರೆ. ಚದರ ಮಿಲಿಮೀಟರಿಗೆ 2000ಕ್ಕಿಂತ ಹೆಚ್ಚಿದ್ದರೆ ದೃಷ್ಟಿ ತರಿಸುವ ಕಸಿಗೆ ಯೋಗ್ಯ ಎಂಬುದು ಸಾಮಾನ್ಯ ಅಳತೆ. ಕಡಿಮೆ ಬಂದರೆ ತೂತಾದ ಕಣ್ಣನ್ನು ತುರ್ತಾಗಿ ಮುಚ್ಚಲೋ, ತರಬೇತಿಗೋ ಬಳಸಬಹುದು. ಅಲ್ಲಿಗೆ ಅದರ ಉಪಯೋಗ ಮುಗಿಯಿತು.

ಹಾಗಾಗಿ ನೇತ್ರದಾನ ಗೆಲ್ಲುವುದೂ ಸೋಲುವುದೂ ಸಾವಿನ ಮನೆಯ ಮೊದಲ ಒಂದು ಗಂಟೆಯಲ್ಲಿ. ಮೊದಲ ಕೆಲಸ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚುವುದು. ಎರಡನೆಯದು ಫ್ಯಾನ್ ಆರಿಸುವುದು. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ: ಬಂದವರಿಗೆ ಸೆಕೆಯಾಗುತ್ತದೆಂದು ಮೃತದೇಹದ ನೇರ ಮೇಲಿನ ಫ್ಯಾನನ್ನು ಜೋರಾಗಿ ಬಿಟ್ಟಿರುತ್ತಾರೆ, ಎರಡು ಗಂಟೆಯಲ್ಲಿ ಕಾರ್ನಿಯಾ ಒಣಗಿರುತ್ತದೆ. ಏಸಿ ಇದ್ದರೆ ಹಾಕಬಹುದು, ತಂಪು ಒಳ್ಳೆಯದು. ಮುಚ್ಚಿದ ರೆಪ್ಪೆಯ ಮೇಲೆ ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಡಬೇಕು, ಒಣಗಿದಾಗ ಬದಲಿಸಬೇಕು. ತಲೆಯ ಕೆಳಗೆ ಎರಡು ದಿಂಬಿಟ್ಟು ಸುಮಾರು ಆರು ಇಂಚು ಎತ್ತರಿಸಿದರೆ ಕಣ್ಣು ತೆಗೆಯುವಾಗ ರಕ್ತ ಜಿನುಗುವುದು ಕಡಿಮೆ. ಇವೆಲ್ಲ ನಡೆಯುತ್ತಿರುವಾಗಲೇ ಇನ್ನೊಬ್ಬರು ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ ಸಾವಿನ ಸಮಯ, ಕಾರಣ, ವಯಸ್ಸು, ಮನೆಯ ಗುರುತು ಹೇಳಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ‘ಯಾವ ಗುಡಿಯ ಪಕ್ಕದ ರಸ್ತೆ’ ಎಂಬ ಗುರುತು ಅರ್ಧ ಗಂಟೆ ಉಳಿಸುತ್ತದೆ.

ತಂಡ ಬಂದ ಮೇಲಿನ ಕೆಲಸ ಇಪ್ಪತ್ತು–ಮೂವತ್ತು ನಿಮಿಷದ್ದು. ವೈದ್ಯರ ಮರಣ ದೃಢೀಕರಣ ಪತ್ರ ನೋಡುತ್ತಾರೆ, ಹತ್ತಿರದ ಸಂಬಂಧಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾರೆ, ಇಬ್ಬರು ಸಾಕ್ಷಿ ಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆಯುತ್ತಾರೆ. ಬರುವವರು ವೈದ್ಯರೇ ಆಗಬೇಕೆಂದಿಲ್ಲ, ತರಬೇತಾದ ತಂತ್ರಜ್ಞರೂ ತೆಗೆಯಬಹುದು. ಈಗ ಹೆಚ್ಚಿನ ಕಡೆ ಕಾರ್ನಿಯಾವನ್ನಷ್ಟೇ ಅಂಚಿನ ಬಿಳಿಯ ಸಣ್ಣ ಸುತ್ತಿನೊಡನೆ ಬಿಡಿಸಿಕೊಂಡು, ರೆಪ್ಪೆ ಮುಚ್ಚಿ ಕೊಡುತ್ತಾರೆ. ಮುಖ ಕುರೂಪವಾಗುವುದಿಲ್ಲ. ಎರಡು ದಿನ ಲಕ್ಷಾಂತರ ಜನ ಪುನೀತ್ ಮುಖ ನೋಡಿದರು. ಅವರು ನೋಡಿದ್ದು ಕಣ್ಣು ದಾನವಾದ ಮೇಲಿನ ಮುಖ. ‘ದರ್ಶನಕ್ಕಿಡಬೇಕು, ಬೇಡ’ ಎನ್ನುವ ಬಂಧುಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ತೆಗೆದ ಕಾರ್ನಿಯಾವನ್ನು ಪೋಷಕ ದ್ರವದಲ್ಲಿ, ಸುಮಾರು 4 ಡಿಗ್ರಿ ತಂಪಿನಲ್ಲಿ ಇಡುತ್ತಾರೆ. ಹಳೆಯ ಬಗೆಯ ದ್ರವದಲ್ಲಿ ನಾಲ್ಕು ದಿನ, ಹೊಸದರಲ್ಲಿ ಎರಡು ವಾರದ ಹತ್ತಿರ ಬಾಳುತ್ತದೆ. ಯಾರಿಗೆ ಹಾಕಿದರೆಂದು ಎರಡೂ ಕಡೆಯವರಿಗೆ ಹೇಳುವುದಿಲ್ಲ. ಹಣದ ವ್ಯವಹಾರ ಇಲ್ಲ, ಮಾಡಿದರೆ ಅಪರಾಧ.

ವಯಸ್ಸಿನ ನೆಪ ಹೇಳುವವರೂ ಬಹಳ. 2025ರ ಜುಲೈ 14ರಂದು ತೀರಿಕೊಂಡ ಬಿ. ಸರೋಜಾದೇವಿ ಅವರಿಗೆ 87 ವರ್ಷ. ಅವರ ಕಣ್ಣುಗಳೂ ದಾನವಾದವು. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ, ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಶಸ್ತ್ರಚಿಕಿತ್ಸೆ ಯಾವುದೂ ಅಡ್ಡಿಯಲ್ಲ. ಕ್ರಿಕೆಟ್ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು, ಮರುವರ್ಷವೇ 21ರ ಹರೆಯದಲ್ಲಿ ಭಾರತ ತಂಡದ ನಾಯಕರಾದರು. 2011ರ ಸೆಪ್ಟೆಂಬರ್ 22ರಂದು ಅವರು ತೀರಿಕೊಂಡಾಗ, ನಮ್ಮ ಪ್ರಸನ್ನ, ಚಂದ್ರಶೇಖರ್ ಬೌಲಿಂಗಿಗೆ ಫೀಲ್ಡಿಂಗ್ ನಿಲ್ಲಿಸಿದ ಆ ಒಳ್ಳೆಯ ಕಣ್ಣು ದಾನವಾಯಿತು. ಒಂದೇ ಕಣ್ಣು ನೆಟ್ಟಗಿದ್ದರೂ ಕೊಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ರೇಬಿಸ್, ಎಚ್‌ಐವಿ, ಹೆಪಟೈಟಿಸ್, ರಕ್ತದ ಕ್ಯಾನ್ಸರ್, ರಕ್ತಕ್ಕೆ ಹರಡಿದ ಸೋಂಕು, ಕಾರಣವೇ ತಿಳಿಯದ ಸಾವು, ಇವಿದ್ದರೆ ಮಾತ್ರ ಬೇಡ. ಅದನ್ನೂ ಬ್ಯಾಂಕಿನವರೇ ತೀರ್ಮಾನಿಸಲಿ, ಮನೆಯವರು ಫೋನ್ ಮಾಡುವುದನ್ನು ಬಿಡಬಾರದು.

ಅಂಗಾಂಗ ದಾನ ಬೇರೆಯೇ ಲೋಕ. 2021ರ ಜೂನ್ 12ರ ರಾತ್ರಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ರಾಷ್ಟ್ರಪ್ರಶಸ್ತಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ, ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಕಿಡ್ನಿ, ಯಕೃತ್ತಿನಂಥ ಅಂಗಗಳನ್ನು ಹೃದಯ ಇನ್ನೂ ಬಡಿಯುತ್ತಿರುವಾಗ, ವೆಂಟಿಲೇಟರ್ ಇರುವ ಆಸ್ಪತ್ರೆಯಲ್ಲೇ ಪಡೆಯಬೇಕು. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳಿನ ಸಾವನ್ನು ದೃಢಪಡಿಸಬೇಕು. ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಅಂಗಗಳ ಹಂಚಿಕೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ತೀರಿಕೊಂಡವರ ಕಿಡ್ನಿ ಕೊಡಲಾಗದು, ಕಣ್ಣು ಕೊಡಬಹುದು. ಶಿಬಿರಗಳಲ್ಲಿ ಈ ಎರಡನ್ನೂ ಒಂದೇ ಕಾರ್ಡಿನಲ್ಲಿ ಬೆರೆಸಿಬಿಡುವುದರಿಂದ ಮನೆಯವರು ಗೊಂದಲಕ್ಕೆ ಬಿದ್ದು ಎರಡನ್ನೂ ಕೈಬಿಡುತ್ತಾರೆ. ಅಪಘಾತದ ಸಾವಾದರೆ ಮರಣೋತ್ತರ ಪರೀಕ್ಷೆ ಇರುತ್ತದೆ. ಅಲ್ಲೂ ಪೊಲೀಸರ ಒಪ್ಪಿಗೆ ಪಡೆದು ಕಣ್ಣು ಕೊಡಬಹುದು. ಶವಾಗಾರದಲ್ಲಿ ಕಾಯುತ್ತ ಕೂರುವ ಬದಲು ಠಾಣೆಯವರಿಗೂ ಆಸ್ಪತ್ರೆಯವರಿಗೂ ಮೊದಲೇ ಹೇಳಬೇಕು.

ರಕ್ತದಾನದ ಬಗ್ಗೆಯೂ ಒಂದು ಮಾತು, ಏಕೆಂದರೆ ಪುಣ್ಯಸ್ಮರಣೆಯಲ್ಲಿ ಅದೇ ಮುಂದು. ಒಂದೇ ದಿನ ನೂರಾರು ಕಡೆ ಶಿಬಿರವಾದರೆ ರಕ್ತನಿಧಿಗಳಿಗೆ ಇಡಲು ಜಾಗವಿಲ್ಲ. ಕೆಂಪು ರಕ್ತಕಣ ಬಾಳುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಬರೀ ಐದು ದಿನ. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಅಕ್ಟೋಬರ್ 29ರಿಂದ ಮಾರ್ಚ್ 17ಕ್ಕೆ 139 ದಿನ, ಹಾಗಾಗಿ ಎರಡೂ ದಿನ ಅದೇ ಜನ ಕೊಡಬಹುದು. ಮಾರ್ಚ್ 17ಕ್ಕೆ ಕೊಟ್ಟವರು ರಾಜ್‌ಕುಮಾರ್ ಪುಣ್ಯತಿಥಿಯಾದ ಏಪ್ರಿಲ್ 12ಕ್ಕೆ ಕೊಡಲಾಗದು. ಸಂಘದವರು ಸದಸ್ಯರನ್ನು ಗುಂಪುಗಳಾಗಿ ಹಂಚಿ, ರಕ್ತನಿಧಿಯನ್ನು ಕೇಳಿಯೇ ದಿನ ಗೊತ್ತುಮಾಡಿದರೆ ಬೇಸಿಗೆಯ ಕೊರತೆಯೂ ತುಂಬುತ್ತದೆ. ನಟನ ಹೆಸರು ವರ್ಷದ ಯಾವ ದಿನಕ್ಕಾದರೂ ಒಪ್ಪುತ್ತದೆ.

ನೇತ್ರದಾನದ ನೋಂದಣಿಯೂ ಹೀಗೆಯೇ ಬದಲಾಗಬೇಕು. ಪುನೀತ್ ನಿಧನದ ಬೆನ್ನಿಗೆ ಆಸ್ಪತ್ರೆಗಳಲ್ಲಿ ನೋಂದಣಿ ಉಕ್ಕಿ ಹರಿಯಿತು, ಸಹಿ ಹಾಕಿದವರಲ್ಲಿ ಹೆಚ್ಚಿನವರು ಯುವಕರು. ಅವರ ಕಣ್ಣು ಬೇಕಾಗುವುದು ದಶಕಗಳ ನಂತರ, ಅಷ್ಟು ಹೊತ್ತಿಗೆ ಕಾರ್ಡು ಎಲ್ಲಿರುತ್ತದೋ. ಆದರೆ ಅದೇ ಯುವಕನ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದಾರೆ. ಅವರೊಡನೆ ಮಾತಾಡಿ ಒಪ್ಪಿಸಿದವನು, ಆ ದಿನ ಬಂದಾಗ ಫೋನ್ ಮಾಡಿದವನು ಕೊಡುವ ಕಣ್ಣು ಇವತ್ತಿನ ರೋಗಿಗೇ ಸಿಗುತ್ತದೆ. ಶಿಬಿರದಲ್ಲಿ ಅರ್ಜಿ ತುಂಬಿಸುವಾಗ ಮನೆಯ ಇಬ್ಬರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ, ಸಾಧ್ಯವಾದರೆ ಅವರ ಸಹಿಯನ್ನೂ ಅಲ್ಲೇ ಹಾಕಿಸಿ. ಜಿಲ್ಲೆಯ ನೇತ್ರ ಬ್ಯಾಂಕಿನ ನಂಬರನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಸ್ಟಿಕ್ಕರ್ ಕೊಟ್ಟು, ಗ್ಯಾಸ್ ಬುಕಿಂಗ್ ನಂಬರ್ ಬರೆದಿಡುವ ಜಾಗದಲ್ಲೇ ಅಂಟಿಸಲು ಹೇಳಿ. ಊರಿನ ಶವಪೆಟ್ಟಿಗೆ, ಫ್ರೀಜರ್ ಬಾಕ್ಸ್, ಆಂಬುಲೆನ್ಸ್ ಕೊಡುವವರಿಗೂ ಅದೇ ಸ್ಟಿಕ್ಕರ್ ತಲುಪಿಸಿ. ಸಾವಿನ ಮನೆಗೆ ಮೊದಲು ಬರುವವರಲ್ಲಿ ಅವರೂ ಇರುತ್ತಾರೆ, ‘ಕಣ್ಣು ಕೊಡ್ತೀರಾ?’ ಎಂದು ಕೇಳಲು ಆ ಹೊತ್ತಿನಲ್ಲಿ ಬಂಧುಗಳಿಗಿಂತ ಅವರಿಗೇ ಸಲೀಸು. ಪ್ರತಿ ವರ್ಷ ಪುಣ್ಯಸ್ಮರಣೆಗೆ ವಾರ ಮುಂಚೆ ಹಳೆಯ ಪಟ್ಟಿ ತೆಗೆದು ನಂಬರುಗಳು ಚಾಲ್ತಿಯಲ್ಲಿವೆಯೇ ಎಂದು ಒಂದು ಸುತ್ತು ಫೋನ್ ಮಾಡಿ, ಬ್ಯಾಂಕಿನ ನಂಬರ್ ಬದಲಾಗಿದ್ದರೆ ಹೊಸ ಸ್ಟಿಕ್ಕರ್ ಹಂಚಿ.