ಪದ ಪರಿಚಯ: ಪಾರ್

ಗಾಲ್ಫ್ ಸುದ್ದಿಯಲ್ಲಿ 'ಅಂಡರ್ ಪಾರ್', ಅಂದರೆ ಪಾರ್ ಎಂಬ ಗೊತ್ತುಮಾಡಿದ ಹೊಡೆತಗಳ ಲೆಕ್ಕಕ್ಕಿಂತ ಕಡಿಮೆ, ಅಂತ ಬಂದರೆ ಸಾಕು, ನಮ್ಮಲ್ಲಿ ಅದು 'ಸರಾಸರಿಗಿಂತ ಕಡಿಮೆ' ಆಗಿಬಿಡುತ್ತದೆ. ಕೆಲವು ಕಡೆ ಇನ್ನೂ ಮುಂದೆ ಹೋಗಿ 'ಸಾಧಾರಣ ಪ್ರದರ್ಶನ' ಅಂತ ಬರೆಯುತ್ತಾರೆ. ಮೊನ್ನೆಯೂ ಅಂಥದ್ದೊಂದು ಸಾಲು ಕಣ್ಣಿಗೆ ಬಿತ್ತು. ಅಂದು ಎಲ್ಲರಿಗಿಂತ ಚೆನ್ನಾಗಿ ಆಡಿದವರನ್ನೇ ಸೋತವರಂತೆ ತೋರಿಸುವ ತಪ್ಪು ಇದು. ಸುಮ್ನೆ ಬಿಡುವ ಹಾಗಿಲ್ಲ.

ಆಟದ ಕ್ರಮ ಗೊತ್ತೇ ಇದೆ. ಟೀ ಎಂಬ ಜಾಗದಿಂದ ಚೆಂಡು ಹೊಡೆಯಲು ಶುರು ಮಾಡಿ, ದೂರದ ಗುಳಿಗೆ ಹಾಕಬೇಕು. ಹೀಗೆ 18 ಗುಳಿ. ಒಟ್ಟು ಹೊಡೆತಗಳನ್ನು ಎಣಿಸುವ ಪಂದ್ಯದಲ್ಲಿ ಯಾರದು ಕಡಿಮೆಯೋ ಅವರು ಗೆದ್ದರು. ಇಲ್ಲಿ ಸಂಖ್ಯೆ ಇಳಿದಷ್ಟೂ ಆಟ ಮೇಲು. ಇಷ್ಟು ನೆನಪಿಟ್ಟುಕೊಂಡರೂ ಅರ್ಧ ಗೊಂದಲ ಹೋಗುತ್ತದೆ.

ಉಳಿದ ಅರ್ಧ ಗೊಂದಲ 'ಸರಾಸರಿ' ಎಂಬ ಮಾತಿನದು. ಪಾರ್ ಸರಾಸರಿ ಅಲ್ಲವೇ ಅಲ್ಲ. ಯಾರೂ ನೂರು ಜನರ ಆಟ ನೋಡಿ, ಕೂಡಿಸಿ, ಭಾಗಿಸಿ ಪಾರ್ ತೆಗೆಯುವುದಿಲ್ಲ. ಅದರ ಲೆಕ್ಕವೇ ಬೇರೆ. ಒಂದು ಗುಳಿ ಟೀಯಿಂದ 350 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ನುರಿತ ಆಟಗಾರ ಮೊದಲ ಹೊಡೆತಕ್ಕೆ ಚೆಂಡನ್ನು 230 ಮೀಟರ್ ಆಚೆ, ಫೇರ್‌ವೇ ಎಂಬ ಕತ್ತರಿಸಿದ ಹುಲ್ಲಿನ ಹಾದಿಯ ಮೇಲೆ ಬೀಳಿಸುತ್ತಾನೆ. ಎರಡನೆಯದಕ್ಕೆ ಉಳಿದ 120 ಮೀಟರ್ ದಾಟಿಸಿ ಗ್ರೀನ್ ಮೇಲೆ ನಿಲ್ಲಿಸುತ್ತಾನೆ. ಗ್ರೀನ್ ಅಂದರೆ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸು. ಅಲ್ಲಿ ಚೆಂಡನ್ನು ಉರುಳಿಸಿ ಗುಳಿಗೆ ಹಾಕಲು ಎರಡು ಹೊಡೆತ, ಅಂದರೆ ಎರಡು ಪಟ್. ಒಟ್ಟು ನಾಲ್ಕು. ಆ ಗುಳಿ 'ಪಾರ್ 4'. ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬಹುದಾದ ಗುಳಿ ಪಾರ್ 3, ಮೂರು ಬೇಕಾದರೆ ಪಾರ್ 5. ಎಲ್ಲದರಲ್ಲೂ ಆ ಎರಡು ಪಟ್ ಕಾಯಂ.

ಈ ಲೆಕ್ಕದಲ್ಲಿ ಮರಳಿನ ಬಂಕರ್‌ಗೆ ಬಿದ್ದದ್ದಕ್ಕೆ ರಿಯಾಯಿತಿ ಇಲ್ಲ. ನೀರಿಗೆ ಹೋದದ್ದಕ್ಕೆ ಇಲ್ಲ, ಮರಕ್ಕೆ ತಾಗಿದ್ದಕ್ಕೂ ಇಲ್ಲ. ಪಳಗಿದ ಕೈ ಎಲ್ಲೂ ಎಡವದೆ ಆಡಿದರೆ ಎಷ್ಟು ಹೊಡೆತ ಬೇಕೋ ಅದೇ ಪಾರ್. ವಾರಕ್ಕೊಮ್ಮೆ ಆಡುವವರಲ್ಲಿ 18 ಗುಳಿಯನ್ನು 90 ಹೊಡೆತದೊಳಗೆ ಮುಗಿಸಿದರೆ ಹಿಗ್ಗುವವರೇ ಜಾಸ್ತಿ. ಸಾಮಾನ್ಯವಾಗಿ ಕೋರ್ಸ್‌ನ, ಅಂದರೆ 18 ಗುಳಿಯ ಇಡೀ ಮೈದಾನದ, ಪಾರ್ 70ರಿಂದ 72. ಇಷ್ಟು ಅಂತರ ಇರುವುದನ್ನು ಸರಾಸರಿ ಅಂತ ಹೇಗೆ ಕರೆಯುವುದು?

ಪದದ ಹುಟ್ಟು ನೋಡಿದರೆ ತಪ್ಪು ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಲ್ಯಾಟಿನ್‌ನಲ್ಲಿ 'ಪಾರ್' ಅಂದರೆ ಸಮ. ಗಾಲ್ಫ್‌ಗಿಂತ ಮೊದಲೇ ಅದು ಷೇರುಪೇಟೆಯಲ್ಲಿತ್ತು. ಹತ್ತು ರೂಪಾಯಿ ಮುಖಬೆಲೆಯ ಷೇರು ಹತ್ತಕ್ಕೇ ಮಾರಾಟವಾದರೆ ಪಾರ್, ಎಂಟಕ್ಕೆ ಇಳಿದರೆ ಪಾರ್‌ಗಿಂತ ಕೆಳಗೆ. ಅಲ್ಲಿ ಕೆಳಗೆ ಹೋಗುವುದು ನಷ್ಟ. ಇಂಗ್ಲಿಷ್‌ನಲ್ಲಿ ಮೈ ಹುಷಾರಿಲ್ಲದಿದ್ದರೂ, ಕೆಲಸ ಕಳಪೆಯಾದರೂ 'ಬಿಲೋ ಪಾರ್' ಅನ್ನುವುದು ಈ ದಾರಿಯಿಂದ ಬಂದದ್ದು. ಗಾಲ್ಫ್‌ನಲ್ಲಿ ಆ ಅರ್ಥ ನಡೆಯುವುದಿಲ್ಲ.

ಗಾಲ್ಫ್ ಈ ಪದವನ್ನು ಷೇರುಪೇಟೆಯಿಂದ ತಂದುಕೊಂಡದ್ದು ತಡವಾಗಿ. 1870ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಚಾಂಪಿಯನ್‌ಶಿಪ್ ಇತ್ತು. ಗಾಲ್ಫ್ ಬರಹಗಾರ ಡೋಲ್‌ಮನ್, ಎಷ್ಟು ಹೊಡೆತದಲ್ಲಿ ಗೆಲ್ಲಬಹುದು ಅಂತ ಇಬ್ಬರು ವೃತ್ತಿಪರರನ್ನು ಕೇಳಿದ. ಡೇವಿಡ್ ಸ್ಟ್ರಾತ್ ಮತ್ತು ಜೇಮ್ಸ್ ಆಂಡರ್ಸನ್ ಅವರ ಹೆಸರು. ಅಲ್ಲಿದ್ದದ್ದು 12 ಗುಳಿ. ಲೋಪವಿಲ್ಲದೆ ಆಡಿದರೆ ಒಂದು ಸುತ್ತಿಗೆ 49 ಅಂದರು. ಡೋಲ್‌ಮನ್ ಅದಕ್ಕೆ ಪಾರ್ ಅಂತ ಹೆಸರಿಟ್ಟ. ಮೂರು ಸುತ್ತಿಗೆ 147 ಆಯಿತು. ಗೆದ್ದ ಯಂಗ್ ಟಾಮ್ ಮಾರಿಸ್ ಹೊಡೆದದ್ದು 149. ಚಾಂಪಿಯನ್ನೇ ಪಾರ್‌ಗಿಂತ ಎರಡು ಜಾಸ್ತಿ! ಅಲ್ಲಿ ಕೇಳಿದ್ದೂ ಲೋಪವಿಲ್ಲದ ಆಟದ ಲೆಕ್ಕ, ಸರಾಸರಿ ಆಟದ ಲೆಕ್ಕ ಅಲ್ಲ.

ಅಲ್ಲಿಯವರೆಗೆ ನಾಲ್ಕು ಶತಮಾನ ಈ ಆಟ ಪಾರ್ ಇಲ್ಲದೇ ನಡೆದಿತ್ತು. 1457ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು, ಜನ ಬಿಲ್ಲುವಿದ್ಯೆ ಮರೆಯುತ್ತಿದ್ದಾರೆ ಅಂತ ಫುಟ್‌ಬಾಲ್ ಜೊತೆ ಗಾಲ್ಫ್ ಅನ್ನೂ ನಿಷೇಧಿಸಿತ್ತು. ಲೀತ್‌ನಲ್ಲಿ 1744ರಲ್ಲಿ ಬರೆದ 13 ನಿಯಮಗಳಲ್ಲಿ ಪಾರ್ ಸುಳಿವೇ ಇಲ್ಲ. 1764ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ 22 ಗುಳಿಯ ಸುತ್ತನ್ನು 18ಕ್ಕೆ ಇಳಿಸಿದಾಗಲೂ ಇರಲಿಲ್ಲ. ಎದುರಾಳಿಗಿಂತ ಕಡಿಮೆ ಹೊಡೆತದಲ್ಲಿ ಗುಳಿ ಗೆದ್ದರೆ ಸಾಕಿತ್ತು.

ಪಾರ್ ಸರಾಸರಿ ಅಲ್ಲ ಅನ್ನುವುದನ್ನೇ ಬೋಗಿ ಎಂಬ ಪದದ ಕಥೆಯೂ ಹೇಳುತ್ತದೆ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಳ್ಳೆಯ ಹವ್ಯಾಸಿ ಆಟಗಾರ ಮುಟ್ಟಬೇಕಾದ ಲೆಕ್ಕಕ್ಕೆ ಬೋಗಿ ಅನ್ನುತ್ತಿದ್ದರು. ಪಾರ್ ವೃತ್ತಿಪರರ ಮಟ್ಟಕ್ಕೆ ಬಿಗಿಯಾಗುತ್ತಾ ಹೋದಂತೆ ಬೋಗಿ ಹಿಂದೆ ಬಿತ್ತು. ಈಗ ಪಾರ್‌ಗಿಂತ ಒಂದು ಜಾಸ್ತಿಯಾದರೆ ಬೋಗಿ. ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. ಟೋಕಿಯೊ ಒಲಿಂಪಿಕ್ಸ್‌ನ ಕೋರ್ಸ್ ಪಾರ್ 71. ನಾಲ್ಕು ದಿನಕ್ಕೆ 284. ಅವರು ಹೊಡೆದದ್ದು 67, 66, 68, 68, ಒಟ್ಟು 269. ಪಾರ್‌ಗಿಂತ 15 ಕಡಿಮೆ. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಪಾರ್ 72ರ ಕೋರ್ಸ್ ಮೇಲೆ ಮೂರನೇ ದಿನ 61 ಹೊಡೆದರು, 11 ಅಂಡರ್ ಪಾರ್. ಕೊನೆಯ ದಿನ 77, ಐದು ಓವರ್ ಪಾರ್. ಏಳು ಹೊಡೆತದ ಮುನ್ನಡೆ ಕರಗಿ ಚಿನ್ನದ ಬದಲು ಬೆಳ್ಳಿ ಬಂತು. ಈ ಎರಡು ದಿನಗಳಲ್ಲಿ 'ಸಾಧಾರಣ' ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕ್ರಿಕೆಟ್‌ನ ಪಾರ್ ಸ್ಕೋರ್ ಬೇರೆಯೇ ಜಾತಿ. ಮಳೆ ಬಂದಾಗ ಡಕ್‌ವರ್ತ್ ಲೂಯಿಸ್ ಸ್ಟರ್ನ್ ಲೆಕ್ಕದ ಪಾರ್ ಅಂದರೆ ಪಂದ್ಯ ಟೈ ಆಗುವ ರನ್. ಅದು ಲ್ಯಾಟಿನ್‌ನ 'ಸಮ'ಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಕ್ರಿಕೆಟ್‌ನಲ್ಲಿ ರನ್ ಏರಬೇಕು. ಆ ಅಭ್ಯಾಸದಲ್ಲೇ ಗಾಲ್ಫ್ ಸುದ್ದಿ ಬರೆಯಲು ಕೂತರೆ ಎಲ್ಲ ಉಲ್ಟಾ ಆಗುತ್ತದೆ. ಸಂದೇಹ ಬಂದರೆ 'ಪಾರ್‌ಗಿಂತ 15 ಹೊಡೆತ ಕಡಿಮೆ' ಅಂತ ಬಿಡಿಸಿ ಬರೆಯಿರಿ. ಜೊತೆಗೆ ಒಟ್ಟು ಹೊಡೆತವನ್ನೂ ಕೊಡಿ.