ಪದ ಪರಿಚಯ: ಪುನರ್ವಸತಿ

‘ಪುನರ್ವಸತಿ ಕಾಮಗಾರಿ ಭರದಿಂದ ಸಾಗಿದೆ.’ ಶಿಥಿಲಗೊಂಡ ವಸತಿ ಸಮುಚ್ಚಯವೊಂದನ್ನು ಕೆಡವಿ ಹೊಸದಾಗಿ ಕಟ್ಟುವ ಸುದ್ದಿ ಬಂದಾಗಲೆಲ್ಲ ಈ ವಾಕ್ಯ ತಪ್ಪದೆ ಹಾಜರಾಗುತ್ತದೆ. ಪಕ್ಕದಲ್ಲಿ ಕ್ರೇನಿನ ಚಿತ್ರ, ಗುದ್ದಲಿಪೂಜೆ ಮಾಡಿದ ಗಣ್ಯರ ಹೆಸರು. ಭರದಿಂದ ಸಾಗಿರುವುದು ನಿರ್ಮಾಣ, ಅಷ್ಟೇ. ಕೆಡವಿದ ಮನೆಗಳಲ್ಲಿ ಇದ್ದವರು ಆ ಹೊತ್ತಿಗೆ ಊರಿನ ಯಾವುದೋ ಮೂಲೆಯಲ್ಲಿ ಬಾಡಿಗೆಗಿರುತ್ತಾರೆ. ಅವರು ಮರಳಿ ಬಂದು ಹಾಲು ಉಕ್ಕಿಸುವವರೆಗೆ ಪುನರ್ವಸತಿ ಶುರುವೇ ಆಗಿಲ್ಲ, ಭರದ ಮಾತು ಹಾಗಿರಲಿ.

ಪದದ ಮೊದಲ ಭಾಗ ‘ಪುನರ್’, ಅದರಲ್ಲಿ ಜಗಳವಿಲ್ಲ. ತಕರಾರೆಲ್ಲ ‘ವಸತಿ’ಯದು. ಸಂಸ್ಕೃತದ ‘ವಸ್’ ಧಾತುವಿಗೆ ಇರು, ನೆಲೆಸು, ತಂಗು ಎಂದು ಅರ್ಥ. ವಾಸ, ನಿವಾಸ, ಪ್ರವಾಸ, ವಾಸ್ತು ಎಲ್ಲವೂ ಅಲ್ಲಿಂದಲೇ ಬಂದವು. ವಸತಿ ಎಂದರೆ ಮೊದಲಿಗೆ ತಂಗುವ ಕ್ರಿಯೆ, ಅದರಲ್ಲೂ ರಾತ್ರಿ ತಂಗುವುದು. ತಂಗುವ ಜಾಗ ಎಂಬ ಅರ್ಥ ಅದಕ್ಕೆ ಅಂಟಿಕೊಂಡೇ ಬಂದಿದೆ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಂಜೆ ಹಳ್ಳಿಗೆ ಬಂದು ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸಿಗೆ ಅವರು ಇವತ್ತಿಗೂ ‘ವಸ್ತಿ ಬಸ್’ ಎನ್ನುತ್ತಾರೆ. ಅದೇ ಪದ ತದ್ಭವವಾಗಿ ‘ಬಸದಿ’ಯಾಯಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಅಲ್ಲಿಯವರು ಬಾಯಿಮಾತಿನಲ್ಲಿ ‘ಬಸ್ತಿ’ ಎನ್ನುವುದುಂಟು, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಹೆಸರೂ ಅಲ್ಲಿನ ಬಸದಿಗಳಿಂದಲೇ ಬಂದದ್ದು. ಮುಂಬೈಗೆ ಹೋಗಿ ಬಸ್ತಿ ಎಂದರೆ ಜೋಪಡಿಗಳ ಕೇರಿ ತೋರಿಸುತ್ತಾರೆ. ತೀರ್ಥಂಕರರ ಶಿಲಾಮಂದಿರಕ್ಕೂ ತಗಡಿನ ಚಾವಣಿಯ ಕೇರಿಗೂ ಒಂದೇ ಹೆಸರು ಒಪ್ಪುವುದು ಏಕೆಂದರೆ, ಆ ಹೆಸರು ಗೋಡೆ ಯಾವುದರದ್ದು ಎಂದು ಕೇಳುವುದೇ ಇಲ್ಲ. ಯಾರಾದರೂ ಅಲ್ಲಿ ನೆಲೆಸಿದ್ದಾರೆಯೇ ಎಂಬುದಷ್ಟೇ ಅದಕ್ಕೆ ಬೇಕು.

ಕಟ್ಟಡಕ್ಕೆ ಆಗುವುದನ್ನು ಹೇಳಲು ಬೇರೆ ಪದಗಳು ಬೇಕಾದಷ್ಟಿವೆ. ಕೆಡವಿ ಕಟ್ಟಿದರೆ ಪುನರ್ನಿರ್ಮಾಣ. ಕಟ್ಟಡದ ಜೊತೆಗೆ ರಸ್ತೆ, ಒಳಚರಂಡಿ, ಅಂಗಡಿ, ಮಹಡಿಗಳ ಸಂಖ್ಯೆ ಎಲ್ಲವೂ ಬದಲಾದರೆ ಪುನರಭಿವೃದ್ಧಿ. ಇದ್ದ ಕಟ್ಟಡವನ್ನೇ ಗಟ್ಟಿ ಮಾಡಿದರೆ ದುರಸ್ತಿ. ಜನರನ್ನು ಬೇರೆ ಕಡೆ ಸಾಗಿಸಿದರೆ ಸ್ಥಳಾಂತರ. ಇಷ್ಟು ಸ್ಪಷ್ಟವಾದ ಪದಗಳಿದ್ದರೂ ಪತ್ರಿಕಾ ಪ್ರಕಟಣೆಗಳಿಗೆ ಪುನರ್ವಸತಿಯೇ ಪ್ರಿಯ, ಅದರಲ್ಲಿ ಕರುಣೆಯ ಧ್ವನಿ ಇದೆಯಲ್ಲ. ಇಲಾಖೆಗಳು ಹೆಸರಿನ ವಿಷಯದಲ್ಲಿ ಮೊದಲಿನಿಂದಲೂ ಚುರುಕು. ಇಂದಿನ ಕೊಳಗೇರಿ ಅಭಿವೃದ್ಧಿ ಮಂಡಳಿ ಹಿಂದೆ ಕೊಳಚೆ ನಿರ್ಮೂಲನಾ ಮಂಡಳಿಯಾಗಿತ್ತು. 1973ರ ಮೂಲ ಕಾಯ್ದೆಯ ಹೆಸರಿನಲ್ಲಿ ಮಾತ್ರ ಸುಧಾರಣೆಯೂ ನಿರ್ಮೂಲನೆಯೂ ಇಂದಿಗೂ ಅಕ್ಕಪಕ್ಕದಲ್ಲೇ ಕುಳಿತಿವೆ.

ಗೊಂದಲಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ. ಕನ್ನಡದಲ್ಲಿ ಈ ಪದ ಮನೆಮಾತಾದದ್ದು ಅಣೆಕಟ್ಟುಗಳ ದೆಸೆಯಿಂದ. ಆಲಮಟ್ಟಿ ಹಿನ್ನೀರಿಗೆ ಊರು ಕೊಟ್ಟ ಬಾಗಲಕೋಟೆಯ ಕಡೆಯವರಿಗೆ ‘ಪುನರ್ವಸತಿ ಕೇಂದ್ರ’ ಎಂದರೆ ಸರ್ಕಾರ ಗೆರೆ ಎಳೆದು ಕೊಟ್ಟ ಹೊಸ ಊರು. ಹೀಗೆ ಪದಕ್ಕೆ ‘ಬೇರೆ ಕಡೆ ಕಳಿಸುವುದು’ ಎಂಬ ನೆರಳು ಬಿತ್ತು. ಆದರೆ ಅಲ್ಲಿ ಹಳೆಯ ಜಾಗ ನೀರಿನಡಿ ಹೋಗಿತ್ತು, ಮರಳುವ ಮಾತೇ ಇರಲಿಲ್ಲ. ನಗರದ ಹಳೆಯ ಸಮುಚ್ಚಯದ ಕೆಳಗಿನ ನೆಲ ಎಲ್ಲಿಯೂ ಮುಳುಗಿಲ್ಲ. ಬೆಲೆ ಏರಿದೆ, ಅಷ್ಟೇ. ಮುಳುಗಡೆಗೆ ಹುಟ್ಟಿದ ಅರ್ಥವನ್ನು ಬೆಲೆಯೇರಿಕೆಗೆ ಬಳಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. (ಮದ್ಯವ್ಯಸನಿಗಳ ಪುನರ್ವಸತಿ ಕೇಂದ್ರದ ವಿಷಯ ಬೇರೆ. ಇಂಗ್ಲಿಷಿನ ‘ರಿಹ್ಯಾಬಿಲಿಟೇಶನ್’ ಎಂಬ ಒಂದೇ ಪದಕ್ಕೆ ಕನ್ನಡದ ಒಂದೇ ಪದ ಸಾಕು ಎಂದುಕೊಂಡವರ ಉಡುಗೊರೆ ಅದು.)

ಬೆಂಗಳೂರಿನ ಈಜಿಪುರವನ್ನು ನೋಡಿ. ಕೋರಮಂಗಲಕ್ಕೆ ಅಂಟಿಕೊಂಡ ಜಾಗದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ಪಾಲಿಕೆ ಕಟ್ಟಿಸಿದ ಮನೆಗಳು ಕೆಲವೇ ವರ್ಷಗಳಲ್ಲಿ ಕುಸಿಯತೊಡಗಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಿಗೆ ಇಳಿದರು. ಖಾಸಗಿ ಸಹಭಾಗಿತ್ವದಲ್ಲಿ ಒಂದು ಭಾಗದಲ್ಲಿ ಬಡವರ ಮನೆ, ಇನ್ನೊಂದು ಭಾಗದಲ್ಲಿ ವಾಣಿಜ್ಯ ಸಂಕೀರ್ಣ ಎಂದು ಯೋಜನೆಯಾಯಿತು. 2013ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಆಗ ಎದ್ದ ವಾದವನ್ನು ಈ ಪದ ಬಳಸುವವರೆಲ್ಲ ಓದಬೇಕು: ಹೊಸ ಮನೆ ಸಿಗುವುದು ‘ಮೂಲ ಹಂಚಿಕೆದಾರ’ರಿಗೆ, ಅಲ್ಲಿ ಬಾಡಿಗೆಗಿದ್ದವರಿಗೆ ಅಲ್ಲ. ಅಂದರೆ ಯಾರ ಬಳಿ ಹಂಚಿಕೆ ಪತ್ರವಿದೆಯೋ ಅವರು ಲೆಕ್ಕಕ್ಕೆ ಬರುತ್ತಾರೆ, ಯಾರು ವಾಸವಿದ್ದರೋ ಅವರೆಲ್ಲ ಬರುವುದಿಲ್ಲ. ಪತ್ರವಿದ್ದವರಿಗೆ ಮನೆ ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದಕ್ಕೆ ‘ಮರುಹಂಚಿಕೆ’ ಎಂಬ ಪ್ರಾಮಾಣಿಕ ಹೆಸರಿದೆ, ಅದನ್ನು ಬಳಸಲಿ.

ಪದ ಹೆಚ್ಚುಕಡಿಮೆ ಸರಿಯಾಗಿ ಕೂರುವ ಕಡೆಯೂ ಇದೆ. ಮುಂಬೈಯ ಬಿಡಿಡಿ ಚಾಳುಗಳನ್ನು, ಅಂದರೆ ಸಾಲು ಕೋಣೆಗಳ ಬಾಡಿಗೆ ವಠಾರಗಳನ್ನು, ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ 1920ರ ದಶಕದಲ್ಲಿ ಕಟ್ಟಿಸಿತು. ನೆಲದ ಮೇಲೆ ಮೂರು ಮಹಡಿ, ಪ್ರತಿ ಮಹಡಿಯಲ್ಲಿ 20 ಕೋಣೆ, ಒಂದೊಂದು ಕೋಣೆ 160 ಚದರಡಿ. ಅಷ್ಟರಲ್ಲಿ ಒಂದು ಸಂಸಾರ. ಕೆಲವೊಮ್ಮೆ ಎರಡು ತಲೆಮಾರು, ಅಡ್ಡಲಾಗಿ ಕಟ್ಟಿದ ಪರದೆ, ಮೇಲೆ ಮರದ ಅಟ್ಟ. ಶೌಚಾಲಯ ಓಣಿಯಂಥ ಪಡಸಾಲೆಯ ಕೊನೆಯಲ್ಲಿ, ಇಡೀ ಮಹಡಿಗೆ ಸೇರಿ. ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆಯಾದ ಮ್ಹಾಡಾ ಇವುಗಳನ್ನು ಕೆಡವಿ, ಅದೇ ಆವರಣದಲ್ಲಿ, ಅರ್ಹ ಕುಟುಂಬಕ್ಕೆ 500 ಚದರಡಿಯ ಸ್ವಂತ ಮನೆಯನ್ನು ಹಣ ಪಡೆಯದೆ ಕೊಡುತ್ತಿದೆ. 2025ರ ಆಗಸ್ಟಿನಲ್ಲಿ ವರ್ಲಿಯ 556 ಕುಟುಂಬಗಳಿಗೆ ಕೀಲಿಕೈ ಸಿಕ್ಕಿತು. ಸುದ್ದಿಯಲ್ಲಿ ಎಣಿಸಿದ್ದು ಕುಟುಂಬಗಳನ್ನು ಎಂಬುದನ್ನು ಗಮನಿಸಿ. ಪುನರ್ವಸತಿಯನ್ನು ಅಳೆಯಬೇಕಾದದ್ದು ಹಾಗೆ.

ಈ ಪದಕ್ಕೆ ಸದಾ ಜೋಡಿಯಾಗಿ ಬರುವ ‘ಕೈಗೆಟುಕುವ ಮನೆ’ಯ ಬಗ್ಗೆ ಎರಡು ಮಾತು. ಯಾರ ಕೈಗೆ ಎಂದು ಹೇಳದ ಹೊರತು ಅದು ಅರ್ಧ ವಾಕ್ಯ. ಜಿಎಸ್‌ಟಿ ಲೆಕ್ಕದಲ್ಲಿ 2019ರಿಂದ ಬೆಂಗಳೂರಿನಂಥ ಮಹಾನಗರದಲ್ಲಿ 45 ಲಕ್ಷ ರೂಪಾಯಿ ಮೀರದ, ಒಳಗಿನ ವಿಸ್ತೀರ್ಣ 60 ಚದರ ಮೀಟರ್ ದಾಟದ ಮನೆ ‘ಕೈಗೆಟುಕುವ’ದ್ದು, ಅದಕ್ಕೆ ಶೇ 1ರ ತೆರಿಗೆ. ಒಂಬತ್ತು ಲಕ್ಷ ಮುಂಗಡ ಕೊಟ್ಟು ಉಳಿದ 36 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲ ಮಾಡಿದರೆ ತಿಂಗಳ ಕಂತು 31 ಸಾವಿರ ದಾಟುತ್ತದೆ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಪ್ರಕಾರ ಆರ್ಥಿಕವಾಗಿ ದುರ್ಬಲ ವರ್ಗವೆಂದರೆ ವರ್ಷಕ್ಕೆ ಮೂರು ಲಕ್ಷದವರೆಗೆ ದುಡಿಯುವ ಕುಟುಂಬ, ಅಂದರೆ ತಿಂಗಳಿಗೆ 25 ಸಾವಿರ. ಇಡೀ ಸಂಬಳ ಕೊಟ್ಟರೂ ಕಂತು ಮುಗಿಯುವುದಿಲ್ಲ. ಅದೇ ಯೋಜನೆ ಈ ವರ್ಗಕ್ಕೆ ಲೆಕ್ಕ ಹಾಕಿದ ಮನೆ 30 ಚದರ ಮೀಟರ್, ಸುಮಾರು 320 ಚದರಡಿ. ಗಂಡ, ಹೆಂಡತಿ, ಅತ್ತೆ, ಓದುವ ಇಬ್ಬರು ಮಕ್ಕಳಿರುವ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂದು ಬರೆದುಕೊಂಡು ನೋಡಿದರೆ, ‘ಕುಟುಂಬದ ಮನೆ’ ಎಂಬ ಮಾತಿಗೂ ಬೇರೆಯದೇ ಪದ ಪರಿಚಯ ಬೇಕಾಗುತ್ತದೆ.

ಮುಂಬೈಯ ಕಟ್ಟಡ ವ್ಯವಹಾರದಲ್ಲಿ ‘ರಿಹ್ಯಾಬ್’ (ರಿಹ್ಯಾಬಿಲಿಟೇಶನ್‌ನ ಮೊಟಕು ರೂಪ) ಎಂದರೆ ಈಗ ನೇರವಾಗಿ ಒಂದು ಕಟ್ಟಡ. ಹಳೆಯ ನಿವಾಸಿಗಳದ್ದು ರಿಹ್ಯಾಬ್ ಕಟ್ಟಡ, ಮಾರಾಟಕ್ಕಿಟ್ಟು ಅದರ ಖರ್ಚು ಹುಟ್ಟಿಸುವುದು ಸೇಲ್ ಕಟ್ಟಡ. ರಿಹ್ಯಾಬ್ ಕಟ್ಟಡದಲ್ಲೂ ಲಿಫ್ಟು, ಪಂಪು, ಜನರೇಟರು ಇವೆ. ಅವುಗಳ ನಿರ್ವಹಣೆ ಶುಲ್ಕ ತಿಂಗಳು ತಿಂಗಳು ಬರುತ್ತದೆ. ಚಾಳಿನ ಜುಜುಬಿ ಬಾಡಿಗೆ ಕಟ್ಟಿ ಅಭ್ಯಾಸವಿದ್ದ ಸಂಸಾರಕ್ಕೆ ಅದು ಭಾರವಾದರೆ, ಮನೆಯನ್ನು ಬಾಡಿಗೆಗೆ ಕೊಟ್ಟು ದೂರದ ಹೊರವಲಯದ ವಿರಾರಿಗೋ ಬದ್ಲಾಪುರಕ್ಕೋ ಹೊರಟುಬಿಡುತ್ತದೆ. ಆಮೇಲೆ ಅಲ್ಲಿ ಯಾರು ವಾಸವಿದ್ದರೂ ಕಡತದಲ್ಲಿ ಅದು ಪುನರ್ವಸತಿ ಮನೆಯೇ.